ಲಂಡನ್ನಿನ ಮ್ಯಾಗ್ಸ್ ಬ್ರದರ್ಸ್: ಮೈಸೂರಿನ ಹಳೆಯ ಚಿತ್ರಪುಸ್ತಕ ಹುಡುಕುವವರಿಗೆ

ಹೆಸರು: ಮ್ಯಾಗ್ಸ್ ಬ್ರದರ್ಸ್. ವಿಳಾಸ: 48, ಬೆಡ್‌ಫರ್ಡ್ ಸ್ಕ್ವೇರ್, ಲಂಡನ್. ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೂಗಳತೆ ದೂರ, ಟಾಟನಂ ಕೋರ್ಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. 1853ರಿಂದ ಒಂದೇ ಮನೆತನದ ಕೈಯಲ್ಲಿರುವ ಅಪರೂಪದ ಪುಸ್ತಕ ಮತ್ತು ಹಸ್ತಪ್ರತಿಗಳ ಅಂಗಡಿ. ಇಲ್ಲಿ ಎಲ್ಲವೂ ದುಬಾರಿ. ಆ ದುಡ್ಡಿಗೆ ಏನು ಸಿಗುತ್ತದೆ, ಯಾವ ಪುಸ್ತಕಕ್ಕೆ ಇಲ್ಲಿಗೆ ಬರಬೇಕು, ಯಾವುದಕ್ಕೆ ಬರಬೇಕಾಗಿಲ್ಲ ಎಂಬುದನ್ನು ತಿಳಿದುಕೊಂಡು ಹೋದರೆ ಒಳ್ಳೆಯದು.

ಯೂರಿಯಾ ಮ್ಯಾಗ್ಸ್ ಸಾಮರ್ಸೆಟ್ ಕೌಂಟಿಯ ಹುಡುಗ. ಲಂಡನ್ನಿಗೆ ಬಂದು, ಪ್ಯಾಡಿಂಗ್ಟನ್ ಕಡೆ ತಾನಿದ್ದ ಮನೆಯಲ್ಲೇ ಪುಸ್ತಕ ಮಾರಲು ಶುರು ಮಾಡಿದ. ಆಮೇಲೆ ಮಕ್ಕಳು ಜೊತೆಗೂಡಿದರು, ವ್ಯಾಪಾರ ಬೆಳೆಯಿತು, ಅಂಗಡಿ ಸ್ಟ್ರ್ಯಾಂಡ್‌ಗೆ, ಅಲ್ಲಿಂದ ಕಾಂಡ್ಯುಯಿಟ್ ಸ್ಟ್ರೀಟ್‌ಗೆ, ಎರಡನೇ ಮಹಾಯುದ್ಧಕ್ಕೆ ತುಸು ಮುಂಚೆ ಬರ್ಕ್ಲಿ ಸ್ಕ್ವೇರ್‌ನ 50ನೇ ನಂಬರಿಗೆ ಸಾಗಿತು. ಈ ಕೊನೆಯ ಮನೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಜಾರ್ಜ್ ಕ್ಯಾನಿಂಗ್ ವಾಸವಿದ್ದದ್ದು. 19ನೇ ಶತಮಾನದ ಪತ್ರಿಕೆಗಳು ಅದನ್ನು ಲಂಡನ್ನಿನ ಅತಿ ದೊಡ್ಡ ದೆವ್ವದ ಮನೆ ಎಂದು ಹಬ್ಬಿಸಿದ್ದವು. ಪುಸ್ತಕದವರು ಮುಕ್ಕಾಲು ಶತಮಾನ ಅಲ್ಲೇ ಕೂತು ಕೆಲಸ ಮಾಡಿ 2015ರಲ್ಲಿ ಬಿಟ್ಟು ಬಂದರು. ಈಗಿನ ಬೆಡ್‌ಫರ್ಡ್ ಸ್ಕ್ವೇರ್ ಕೂಡ 18ನೇ ಶತಮಾನದ ಸಾಲುಮನೆಗಳ ಚೌಕವೇ.

ಈ ಇತಿಹಾಸಕ್ಕೂ ಕೊಳ್ಳುವವರಿಗೂ ಏನು ಸಂಬಂಧ ಎಂದರೆ, ಅದರ ಫಲ ಇರುವುದು ಕ್ಯಾಟಲಾಗ್‌ಗಳಲ್ಲಿ. ಮ್ಯಾಗ್ಸ್ ಹೊರತಂದ ಕ್ಯಾಟಲಾಗ್‌ಗಳ ಸಂಖ್ಯೆ 1,500 ದಾಟಿದೆ. ಒಂದು ಪುಸ್ತಕಕ್ಕೆ ಎಷ್ಟು ಹಾಳೆ ಇರಬೇಕು, ಎಷ್ಟು ಚಿತ್ರ ಇರಬೇಕು, ಯಾವ ಪ್ರತಿ ಯಾರ ಕೈಯಿಂದ ಯಾರಿಗೆ ಹೋಯಿತು ಎಂಬ ಲೆಕ್ಕ ಅವುಗಳಲ್ಲಿ ತಲೆಮಾರುಗಳ ಕಾಲ ಸೇರುತ್ತಾ ಬಂದಿದೆ. 1920ರ ದಶಕದಲ್ಲಿ ಅವರು ‘ಬಿಬ್ಲಿಯೋಥೆಕಾ ಏಷಿಯಾಟಿಕಾ’ ಎಂಬ ಹೆಸರಿನಲ್ಲಿ ಏಷ್ಯಾದ ಪುಸ್ತಕಗಳಿಗೇ ಮೀಸಲಾದ ಕ್ಯಾಟಲಾಗ್ ತಂದರು. ಇಂಡಿಯಾದ ಹಳೆಯ ಮುದ್ರಣಗಳ ಬಗ್ಗೆ ಕೆಲಸ ಮಾಡುವವರು ಈಗಲೂ ಅದನ್ನು ಆಕರವಾಗಿ ತೆಗೆದು ನೋಡುತ್ತಾರೆ. ಮಾರಾಟದ ಪಟ್ಟಿಯೊಂದು ನೂರು ವರ್ಷ ಆಕರಗ್ರಂಥವಾಗಿ ಉಳಿಯುವುದು ಸಣ್ಣ ಮಾತಲ್ಲ.

ದೊಡ್ಡ ವ್ಯವಹಾರಗಳನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಬೈಬಲ್ಲಿನ ಅತಿ ಹಳೆಯ ಪ್ರತಿಗಳಲ್ಲೊಂದಾದ ಕೋಡೆಕ್ಸ್ ಸಿನೈಟಿಕಸ್ ಅನ್ನು ಸೋವಿಯತ್ ಸರ್ಕಾರ 1933ರಲ್ಲಿ 1 ಲಕ್ಷ ಪೌಂಡಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿದಾಗ ನಡುವೆ ನಿಂತವರು ಮ್ಯಾಗ್ಸ್. ಅವರ ಕಡೆಯ ಮಾರಿಸ್ ಎಟಿಂಗ್‌ಹೌಸನ್ ರಷ್ಯಕ್ಕೇ ಹೋಗಿ ಅದನ್ನು ಕಣ್ಣಾರೆ ನೋಡಿ ಬಂದಿದ್ದರು. ಸರ್ಕಾರದ ಹಣಕ್ಕೆ ಸಾರ್ವಜನಿಕರ ದೇಣಿಗೆ ಕೂಡಿಸಿ ಅದನ್ನು ಕೊಂಡರು. ಈಗ ಅದು ಸೇಂಟ್ ಪ್ಯಾಂಕ್ರಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪದಚ್ಯುತನಾಗಿ ಇಂಗ್ಲೆಂಡಿನಲ್ಲಿದ್ದ ಪೋರ್ಚುಗಲ್ಲಿನ ರಾಜ ಎರಡನೇ ಮ್ಯಾನುಯೆಲ್ ತನ್ನ ದೇಶದ ಮೊದಮೊದಲ ಮುದ್ರಿತ ಪುಸ್ತಕಗಳನ್ನು ಕೂಡಿಹಾಕಲು ನೆಚ್ಚಿದ್ದೂ ಇವರನ್ನೇ. ಆ ಸಂಗ್ರಹದ ಮೂರು ಸಂಪುಟಗಳ ವಿವರಪಟ್ಟಿಯನ್ನು 1929ರಿಂದ 1935ರ ಅವಧಿಯಲ್ಲಿ ಪ್ರಕಟಿಸಿದವರೂ ಇವರೇ. 1998ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ, ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್ಟನ್ ಮುದ್ರಿಸಿದ ‘ಕ್ಯಾಂಟರ್ಬರಿ ಟೇಲ್ಸ್’ನ ಮೊದಲ ಮುದ್ರಣ 46 ಲಕ್ಷ ಪೌಂಡಿಗೆ ಹೋಯಿತು. ಅದನ್ನು ಶ್ರೀಮಂತ ಸಂಗ್ರಾಹಕ ಪಾಲ್ ಗೆಟ್ಟಿ ಪರವಾಗಿ ಕೂಗಿ ಹಿಡಿದದ್ದು ಮ್ಯಾಗ್ಸ್.

ಇನ್ನೊಂದು ಪ್ರಸಂಗ ಕೊಳ್ಳುವವರಿಗೆ ನೇರವಾಗಿ ಪಾಠ ಹೇಳುವಂಥದ್ದು. ಸೇಂಟ್ ಹೆಲೆನಾದಲ್ಲಿ ನೆಪೋಲಿಯನ್ ಜೊತೆಗಿದ್ದ ಪಾದ್ರಿ ವಿಗ್ನಾಲಿಯ ಮನೆತನದಿಂದ ನೆಪೋಲಿಯನ್ನನ ನೆನಪಿನ ವಸ್ತುಗಳ ಸಂಗ್ರಹವನ್ನು ಮ್ಯಾಗ್ಸ್ 1916ರಲ್ಲಿ ಕೊಂಡು, 1924ರಲ್ಲಿ ಅಮೆರಿಕದ ಪುಸ್ತಕ ವ್ಯಾಪಾರಿ ರೋಸೆನ್‌ಬಾಖ್‌ಗೆ ಮಾರಿದರು. ಅದರಲ್ಲಿ ಶವಪರೀಕ್ಷೆಯ ವೇಳೆ ತೆಗೆದದ್ದೆಂದು ಹೇಳಲಾದ ದೇಹದ ಒಂದು ತುಣುಕೂ ಇತ್ತು. ಪಾದ್ರಿ ಅಲ್ಲಿದ್ದ, ವಸ್ತುಗಳು ಅವನ ಮನೆಯಿಂದಲೇ ಬಂದವು ಎಂಬಷ್ಟಕ್ಕೆ ಆಧಾರ ಗಟ್ಟಿ. ಆ ತುಣುಕು ನಿಜಕ್ಕೂ ನೆಪೋಲಿಯನ್ನನದೇ ಎಂಬುದಕ್ಕೆ ಮನೆತನದ ಮಾತು ಬಿಟ್ಟರೆ ಬೇರೆ ಆಸರೆ ಇಲ್ಲ. ಒಂದೇ ಪೆಟ್ಟಿಗೆಯಲ್ಲಿ ಬಂದ ವಸ್ತುಗಳಿಗೂ ಸಾಕ್ಷ್ಯದ ಬಲ ಬೇರೆಬೇರೆ ಇರುತ್ತದೆ. ‘1799ರಲ್ಲಿ ಶ್ರೀರಂಗಪಟ್ಟಣದಿಂದ ಬಂದದ್ದು’ ಎಂಬ ಸಾಲು ಕಂಡ ತಕ್ಷಣ ಮನಸ್ಸು ಹಾರುವ ನಮ್ಮವರು ಇದನ್ನು ಮರೆಯಬಾರದು. ಟಿಪ್ಪುವಿನ ಗ್ರಂಥಭಂಡಾರದ ಹಸ್ತಪ್ರತಿ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಕೇಂಬ್ರಿಡ್ಜಿನಲ್ಲಿ ಅಚ್ಚು ಹಾಕಿಸಿದ ಆ ಭಂಡಾರದ ಪಟ್ಟಿಯಲ್ಲಿ ಇದು ಯಾವುದು? ಅಲ್ಲಿ ಇಲ್ಲದಿದ್ದರೆ ಸುಳ್ಳು ಎಂದಲ್ಲ. ಆದರೆ ರಟ್ಟಿನ ಮೇಲಿನ ಮುದ್ರೆ, ಮಾಲೀಕರ ಸಹಿ, ಹಳೆಯ ಹರಾಜಿನ ನಂಬರು, ಹೀಗೆ ಬೇರೆ ಆಧಾರ ಬೇಕು.

ಇನ್ನು ಕನ್ನಡಿಗರು ಇಂಥ ಅಂಗಡಿಯಲ್ಲಿ ನಿಜವಾಗಿ ಕೇಳಬೇಕಾದ ಪುಸ್ತಕಗಳು. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ಚಿತ್ರಕಾರರು, ಅಧಿಕಾರಿಗಳು ನಮ್ಮ ಬೆಟ್ಟ, ಕೋಟೆಗಳನ್ನು ಬರೆದುಕೊಂಡು ಹೋಗಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಬೆಂಗಳೂರು, ಸಾವನದುರ್ಗ, ನಂದಿ, ಶ್ರೀರಂಗಪಟ್ಟಣ ಆಗ ಹೇಗಿದ್ದವು ಎಂಬುದಕ್ಕೆ ಇವಕ್ಕಿಂತ ಹಳೆಯ ಮುದ್ರಿತ ಚಿತ್ರಗಳು ಕೈಗೆ ಸಿಗುವುದೇ ಕಷ್ಟ. ಮುಖ್ಯವಾದವು ನಾಲ್ಕು. ರಾಬರ್ಟ್ ಹೋಮ್‌ನ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’, 1794, 29 ಪ್ಲೇಟ್ (ತಾಮ್ರದ ತಗಡಿನಿಂದ ಅಚ್ಚು ಹಾಕಿದ ಚಿತ್ರದ ಹಾಳೆ) ಮತ್ತು 4 ನಕ್ಷೆ. ಅಲೆಕ್ಸಾಂಡರ್ ಆಲನ್‌ನ ‘ವ್ಯೂಸ್ ಇನ್ ದ ಮೈಸೂರ್ ಕಂಟ್ರಿ’, ಅದೂ 1794, 20 ಪ್ಲೇಟ್. ಕೋಲ್‌ಬ್ರೂಕ್‌ನ 12 ದೃಶ್ಯಗಳು. ಜೇಮ್ಸ್ ಹಂಟರ್‌ನ ‘ಪಿಕ್ಚರೆಸ್ಕ್ ಸೀನರಿ ಇನ್ ದ ಕಿಂಗ್‌ಡಮ್ ಆಫ್ ಮೈಸೂರ್’, ಬಣ್ಣ ಹಾಕಿದ 40 ಪ್ಲೇಟ್. ಹಂಟರ್ 1792ರಲ್ಲೇ ತೀರಿಕೊಂಡ. ಪುಸ್ತಕವನ್ನು ಎಡ್ವರ್ಡ್ ಓರ್ಮ್ ಹೊರತಂದದ್ದು 1804–05ರಲ್ಲಿ.

ಈ ಪ್ಲೇಟುಗಳ ಲೆಕ್ಕ ಬಾಯಿಪಾಠ ಇರಬೇಕು, ಯಾಕೆಂದರೆ ಮೋಸ ಆಗುವುದು ಅಲ್ಲೇ. ಪುಸ್ತಕವನ್ನು ಬಿಡಿಸಿ ಒಂದೊಂದು ಚಿತ್ರಕ್ಕೂ ಚೌಕಟ್ಟು ಹಾಕಿ ಮಾರಿದರೆ ಒಟ್ಟು ಹಣ ಜಾಸ್ತಿ ಬರುತ್ತದೆ. ಬೆಂಗಳೂರು ಕೋಟೆ, ಶ್ರೀರಂಗಪಟ್ಟಣದ ಚಿತ್ರಗಳಿಗೆ ಬೇಡಿಕೆ ಹೆಚ್ಚಾದ್ದರಿಂದ ಅವೇ ಮೊದಲು ಕಿತ್ತು ಹೋಗುತ್ತವೆ. ಉಳಿದದ್ದನ್ನು ‘ಬಹುಪಾಲು ಪೂರ್ಣ’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಹಂಟರ್ ವಿಷಯದಲ್ಲಿ ಇನ್ನೊಂದು ತೊಡಕು: ಅವನ ಚಿತ್ರಗಳನ್ನು ಓರ್ಮ್ ತನ್ನದೇ ಇನ್ನೊಂದು ಪ್ರಕಟಣೆಯಾದ ಬ್ಲ್ಯಾಗ್ಡನ್‌ನ ಇಂಡಿಯಾ ಇತಿಹಾಸದ ಸಂಪುಟದಲ್ಲೂ ಬಳಸಿದ. ಹಾಗಾಗಿ ಬಿಡಿಯಾಗಿ ಸಿಗುವ ಹಂಟರ್ ಪ್ಲೇಟ್ ಯಾವ ಪುಸ್ತಕದಿಂದ ಬಂತು ಎಂಬುದನ್ನು ಮಾರುವವರು ಹೇಳಬೇಕು. ಮ್ಯಾಗ್ಸ್‌ನಂಥ ಅಂಗಡಿಗೂ ಬರೀ ಜಾಲತಾಣದ ಮಾರಾಟಗಾರರಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುವುದು. ಒಳ್ಳೆಯ ವಿವರಣೆ ಹಾಳೆಗಳನ್ನೂ ಪ್ಲೇಟುಗಳನ್ನೂ ಎಣಿಸಿ, ಆಕರಪಟ್ಟಿಗಳಿಗೆ ಹೋಲಿಸಿ, ಇಲ್ಲದ್ದನ್ನು ಇಲ್ಲ ಎಂದೇ ಬರೆಯುತ್ತದೆ. ವಿವರಣೆಯಲ್ಲಿ ಪ್ಲೇಟುಗಳ ಸಂಖ್ಯೆಯೇ ಇಲ್ಲದ ಚಿತ್ರಪುಸ್ತಕವನ್ನು ಯಾರ ಹತ್ತಿರವೂ ಕೊಳ್ಳಬೇಡಿ.

ಅಂಗಡಿಯಲ್ಲಿ ಪುಸ್ತಕ ಮುಂದಿಟ್ಟಾಗ ಏನು ನೋಡಬೇಕು? ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು, ಬಟ್ಟೆಯ ಗ್ಲೌಸ್ ಬೇಡ. ಗ್ಲೌಸಿನಲ್ಲಿ ಬೆರಳಿಗೆ ಹಾಳೆಯ ಅಂಚು ಗೊತ್ತಾಗದೆ ಹರಿಯುವುದೇ ಹೆಚ್ಚು. ರಟ್ಟನ್ನು 180 ಡಿಗ್ರಿ ಮಲಗಿಸಬಾರದು, ಫೋಮ್ ಆಸರೆಯ ಮೇಲೆ ಅರ್ಧ ತೆರೆದಿರಬೇಕು. 200 ವರ್ಷದ ಕರುವಿನ ತೊಗಲು ಮೊದಲು ಬಿರಿಯುವುದು ಬೆನ್ನು ಮತ್ತು ರಟ್ಟು ಸೇರುವ ಕೀಲಿನಲ್ಲಿ.

ಮೊದಲು ಕೀಲು, ಬೆನ್ನು. ಬೆನ್ನಿನ ತೊಗಲಿನ ಬಣ್ಣ ರಟ್ಟಿನ ತೊಗಲಿಗೆ ಹೊಂದದಿದ್ದರೆ ಬೆನ್ನು ಹೊಸದಾಗಿ ಹಾಕಿದ್ದಾರೆ ಎಂದರ್ಥ. ಅದು ದೋಷವಲ್ಲ, ಆದರೆ ವಿವರಣೆಯಲ್ಲಿ ಇರಬೇಕು, ಬೆಲೆಯಲ್ಲೂ ಕಾಣಬೇಕು. ಆಮೇಲೆ ಪ್ಲೇಟುಗಳನ್ನು ಮುದ್ರಿತ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ಪ್ಲೇಟಿನ ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಗದದ ನೀರುಗುರುತು ಕಾಣುತ್ತದೆ. ಇಂಗ್ಲೆಂಡಿನ ವಾಟ್‌ಮನ್ ಕಾರ್ಖಾನೆಯ ಕಾಗದದಲ್ಲಿ 1794ರಿಂದ ಈಚೆಗೆ ಎಷ್ಟೋ ಸಲ ಇಸವಿಯೂ ಇರುತ್ತದೆ. ಚಿತ್ರದ ಕೆಳಗೆ 1804 ಎಂದು ಕೊರೆದಿದ್ದು, ನೀರುಗುರುತು 1820ರ ದಶಕದ್ದಾಗಿದ್ದರೆ ಅದು ಹಳೆಯ ತಾಮ್ರದ ತಗಡಿನಿಂದ ಆಮೇಲೆ ತೆಗೆದ ಅಚ್ಚು. ತಗಡು ಸವೆದಿರುವುದರಿಂದ ಆಕಾಶದ ನಯವಾದ ಛಾಯೆಗಳು ತೆಳುವಾಗಿ ಬಿದ್ದಿರುತ್ತವೆ.

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೇಬಿನಲ್ಲಿರಲಿ. ಅಸಲಿ ಅಕ್ವಾಟಿಂಟ್‌ನಲ್ಲಿ, ಎಂದರೆ ತಗಡನ್ನು ಆಮ್ಲದಿಂದ ಕೊರೆದು ಛಾಯೆ ತರುವ ಅಚ್ಚಿನಲ್ಲಿ, ಛಾಯೆ ಬಲೆಬಲೆಯಂಥ ಸಣ್ಣ ಕಣಗಳಾಗಿ ಕಾಣುತ್ತದೆ, ಎರಡು ಕಣ ಒಂದೇ ಆಕಾರದಲ್ಲಿರುವುದಿಲ್ಲ. ಕೊರೆದ ಗೆರೆಯ ಶಾಯಿ ಕಾಗದದ ಮೇಲೆ ಚೂರು ಉಬ್ಬಿರುತ್ತದೆ. ಚಿತ್ರದ ಸುತ್ತ ತಗಡು ಒತ್ತಿದ ಚೌಕಾಕಾರದ ಗುರುತು ಬೆರಳಿಗೆ ಸಿಗುತ್ತದೆ, ಅಂಚು ಕತ್ತರಿಸಿದ್ದರೆ ಮಾತ್ರ ಸಿಗದು. ಈಗಿನ ಆಫ್‌ಸೆಟ್ ನಕಲಾದರೆ ಸಾಲಾಗಿ ಜೋಡಿಸಿದ ನಾಲ್ಕು ಬಣ್ಣದ ಚುಕ್ಕಿಗಳು ಕಾಣುತ್ತವೆ, ಅಲ್ಲಿಗೆ ಮಾತು ಮುಗಿಯಿತು. ಬಣ್ಣದ ವಿಷಯ ಇಷ್ಟು ಸುಲಭವಲ್ಲ. ಹೋಮ್‌ನ ಪುಸ್ತಕದಂತೆ ಬಣ್ಣವಿಲ್ಲದೆ ಹೊರಬಂದ ಚಿತ್ರಗಳಿಗೆ ಅಲಂಕಾರಕ್ಕೆಂದು 20ನೇ ಶತಮಾನದಲ್ಲಿ ಬಣ್ಣ ಬಳಿದವರಿದ್ದಾರೆ. ಕಾಗದ ಹಳದಿಗಟ್ಟಿದ್ದರೂ ಬಣ್ಣ ಮಾತ್ರ ಹೊಳೆಯುತ್ತಿದ್ದರೆ, ಹಳೆಯ ಕಾಗದದಲ್ಲಿ ಏಳುವ ಕಂದು ಚುಕ್ಕಿಯ ಮೇಲೆ ಬಣ್ಣ ಕೂತಿದ್ದರೆ ಅನುಮಾನಪಡಬೇಕು. ಚುಕ್ಕಿ ಬಂದ ಮೇಲೆ ಬಣ್ಣ ಬಿದ್ದಿದೆ ಎಂದಾಯಿತು.

ಕೊನೆಯ ಖಾಲಿ ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದ ಸಣ್ಣ ಅಕ್ಷರಗಳಿದ್ದರೆ ಅವನ್ನು ಅಳಿಸಬೇಡಿ. ಹಳೆಯ ವ್ಯಾಪಾರಿಗಳು ಹಾಳೆ ಎಣಿಸಿ ಪೂರ್ಣ ಎಂದು ಹಾಕಿದ ಗುರುತು, ಕೊಂಡ ಬೆಲೆಯನ್ನು ಗುಟ್ಟಾಗಿ ಬರೆದಿಟ್ಟ ಸಂಕೇತ, ದಾಸ್ತಾನಿನ ನಂಬರು, ಎಲ್ಲಾ ಅಲ್ಲೇ ಇರುತ್ತವೆ. ಅದೇ ಪ್ರತಿ 1924ರ ಕ್ಯಾಟಲಾಗ್‌ನಲ್ಲಿ ಬಂದಿತ್ತು ಎಂದು ಮುಂದೊಂದು ದಿನ ತೋರಿಸಲು ಆ ಪೆನ್ಸಿಲ್ ಗುರುತೇ ನೆರವಾಗಬಹುದು. ಚೊಕ್ಕ ಮಾಡುತ್ತೇವೆ ಎಂದು ರಬ್ಬರ್ ಹಿಡಿಯುವವರು ಪುಸ್ತಕದ ವಂಶಾವಳಿಯನ್ನೇ ಒರೆಸಿಬಿಡುತ್ತಾರೆ.

ಅಂಗಡಿಯ ಇನ್ನೊಂದು ಸೇವೆ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ: ಹರಾಜಿನಲ್ಲಿ ನಮ್ಮ ಪರವಾಗಿ ಕೂಗುವುದು. ಲಂಡನ್ನಿನ ಹರಾಜಿನಲ್ಲಿ ಪುಸ್ತಕಗಳನ್ನು ಇದ್ದ ಹಾಗೆ ಮಾರುತ್ತಾರೆ. ಚಿತ್ರಪುಸ್ತಕ, ನಕ್ಷೆಗಳ ಕಟ್ಟುಗಳಿಗೆ ಎಷ್ಟೋ ಕಡೆ ‘ವಾಪಸಿಲ್ಲ’ ಎಂಬ ಷರತ್ತೂ ಇರುತ್ತದೆ. ಬೆಂಗಳೂರಿನಲ್ಲಿ ಕೂತು ಫೋಟೋ ನೋಡಿ ಕೂಗುವುದು ಅಪಾಯ. ಪರಿಣತರನ್ನು ನೇಮಿಸಿಕೊಂಡರೆ ಅವರು ಮುಂಚೆಯೇ ಹೋಗಿ ಪುಸ್ತಕ ತಿರುವಿ ಪ್ಲೇಟ್ ಎಣಿಸಿ ವರದಿ ಕೊಡುತ್ತಾರೆ, ನೀವು ಕೊಟ್ಟ ಮಿತಿಯೊಳಗೆ ಕೂಗುತ್ತಾರೆ. ಈ ವ್ಯಾಪಾರದಲ್ಲಿ ಕಮಿಷನ್ ಸಾಮಾನ್ಯವಾಗಿ ಕೂಗಿನ ಬೆಲೆಯ 10%ದ ಆಸುಪಾಸು. ಹರಾಜು ಮನೆಯ ಖರೀದಿದಾರರ ಶುಲ್ಕ ಬೇರೆ, ಅದು 25% ಅಥವಾ ಇನ್ನೂ ಹೆಚ್ಚು. ಮಿತಿ ಹೇಳುವಾಗ ಇವೆರಡನ್ನೂ ಕಳೆದು ಹೇಳಬೇಕು. ಕ್ಯಾಕ್ಸ್ಟನ್ ಪುಸ್ತಕ ಗೆಟ್ಟಿಗೆ ಸಿಕ್ಕಿದ್ದೂ ಇದೇ ದಾರಿಯಲ್ಲಿ.

ಇಂಗ್ಲೆಂಡಿನ ಪುರಾತನ ಪುಸ್ತಕ ವ್ಯಾಪಾರಿಗಳ ಸಂಘ 1906ರಲ್ಲಿ ಹುಟ್ಟಿದ್ದು. ಅದರ ಸದಸ್ಯರು ತಮ್ಮ ವಿವರಣೆಗೆ ತಾವೇ ಹೊಣೆ. ಪುಸ್ತಕ ಹೇಳಿದಂತೆ ಇಲ್ಲದಿದ್ದರೆ ವಾಪಸು ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಕೊಡುವ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ಈ ಹೊಣೆಗೇ ಹೋಗುತ್ತದೆ. ಅದು ನ್ಯಾಯವಾದ ಬೆಲೆ ಎಂದೇ ನಮ್ಮ ಅಭಿಪ್ರಾಯ.

ಯಾವುದಕ್ಕೆ ಇಲ್ಲಿಗೆ ಬರಬೇಕಾಗಿಲ್ಲ? ಕನ್ನಡ ಮುದ್ರಣದ ಪುಸ್ತಕಗಳಿಗೆ. ಕಿಟ್ಟೆಲ್ ನಿಘಂಟಿನ 1894ರ ಮಂಗಳೂರು ಮುದ್ರಣ ಬೇಕಿದ್ದರೆ ಬೆಂಗಳೂರಿನ ಹಳೆಯ ಪುಸ್ತಕದವರಲ್ಲಿ ಹೇಳಿಡುವುದೇ ಸರಿ. ಬರೀ ಬಳಕೆಗಾದರೆ ಮರುಮುದ್ರಣಗಳು ಧಾರಾಳವಾಗಿವೆ. ವಿಲಿಯಂ ಕೇರಿಯ 1817ರ ಶ್ರೀರಾಮಪುರದ ಕನ್ನಡ ವ್ಯಾಕರಣ, ಮೆಕೆರೆಲ್‌ನ 1820ರ ಮದ್ರಾಸಿನ ವ್ಯಾಕರಣ, ರೀವ್‌ನ ನಿಘಂಟುಗಳು ಯೂರೋಪಿನ ಮಾರುಕಟ್ಟೆಗೆ ಆಗೊಮ್ಮೆ ಈಗೊಮ್ಮೆ ಬರುತ್ತವೆ. ಬಂದಾಗ ತಿಳಿಸಿ ಎಂದು ಬೇಡಿಕೆ ಬರೆದಿಟ್ಟು ಬರಬಹುದು, ಅದಕ್ಕೆ ಖರ್ಚಿಲ್ಲ. ಸುಮ್ಮನೆ ಕಪಾಟು ತಡಕುತ್ತಾ ಅವೆನ್ಯೂ ರಸ್ತೆಯಲ್ಲಿ ಓಡಾಡಿದಂತೆ ಓಡಾಡುವ ಜಾಗವೂ ಇದಲ್ಲ. ಏನು ಬೇಕೆಂದು ಮೊದಲೇ ಬರೆದು ಹೋದರೆ ಆ ವಿಭಾಗದವರು ತೆಗೆದಿಟ್ಟಿರುತ್ತಾರೆ. ನಮಗೆ ಬೇಕಾದದ್ದು ಪ್ರವಾಸ ಪುಸ್ತಕಗಳ ವಿಭಾಗ.

ಕೊಂಡ ಮೇಲಿನ ತಾಪತ್ರಯಗಳು ಬೇರೆ. ಬ್ರಿಟನ್ನಿನಲ್ಲಿ ಪುಸ್ತಕಕ್ಕೆ ವ್ಯಾಟ್ ಇಲ್ಲ, ಬಿಡಿ ಚಿತ್ರಕ್ಕೆ ಇದೆ. ಅಂಗಡಿಯವರೇ ನೇರವಾಗಿ ಹೊರದೇಶಕ್ಕೆ ಕಳಿಸಿದರೆ ಅದೂ ಬೀಳುವುದಿಲ್ಲ. ಹಸ್ತಪ್ರತಿ ಮತ್ತು ದೊಡ್ಡ ಬೆಲೆಯ ವಸ್ತುಗಳಿಗೆ ಅಲ್ಲಿನ ರಫ್ತು ಪರವಾನಗಿ ಬೇಕಾಗಬಹುದು. ಅದನ್ನು ಅಂಗಡಿಯವರಿಂದಲೇ ಮಾಡಿಸಿಕೊಳ್ಳಿ. ನಮ್ಮ ಕಡೆ, 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಗಳ ಮೇಲೆ 5% ಕಸ್ಟಮ್ಸ್ ಸುಂಕ ಬಂತು. ಪುಸ್ತಕ, ಬಿಡಿ ಮುದ್ರಿತ ಚಿತ್ರ, ಪುರಾತನ ವಸ್ತು, ಮೂರಕ್ಕೂ ಸುಂಕದ ಶೀರ್ಷಿಕೆ ಬೇರೆಬೇರೆ. ಇನ್‌ವಾಯ್ಸ್‌ನಲ್ಲಿ ‘ಹಳೆಯ ಚಿತ್ರಗಳು’ ಎಂದು ಬರೆದರೆ ಪೂರ್ತಿ ಪುಸ್ತಕವೂ ಚಿತ್ರದ ಲೆಕ್ಕಕ್ಕೆ ಸೇರಿ ಪಾರ್ಸೆಲ್ ವಾರಗಟ್ಟಲೆ ನಿಲ್ಲುತ್ತದೆ. ‘ಮುದ್ರಿತ, ಬೈಂಡ್ ಮಾಡಿದ ಪುಸ್ತಕ, ಪ್ರಕಟಣೆ 1794’ ಎಂದು ಬರೆಸಿ, ಅಂದಿನ ದರವನ್ನು ಕಸ್ಟಮ್ಸ್ ಏಜೆಂಟರ ಹತ್ತಿರ ವಿಚಾರಿಸಿ, ಪೂರ್ತಿ ಬೆಲೆಗೆ ವಿಮೆ ಮಾಡಿಸಿ. ಸುಂಕ ಉಳಿಸಲು ಬೆಲೆ ಕಡಿಮೆ ತೋರಿಸಿದರೆ, ಪಾರ್ಸೆಲ್ ಕಳೆದಾಗ ವಿಮೆಯೂ ಅಷ್ಟಕ್ಕೇ ಸಿಗುತ್ತದೆ.

ಮನೆಗೆ ಬಂದ ಪುಸ್ತಕಕ್ಕೆ ಶತ್ರು ನಮ್ಮ ಹವೆ. 1794ರ ಕಾಗದ ಚಿಂದಿಬಟ್ಟೆಯಿಂದ ಮಾಡಿದ್ದು, ಗಟ್ಟಿ. ನೂರು ವರ್ಷ ಈಚಿನ ಮರದ ತಿರುಳಿನ ಕಾಗದ ಮುಟ್ಟಿದರೆ ಮುರಿಯುವಾಗಲೂ ಇದು ಬೆಳ್ಳಗೇ ಇರುತ್ತದೆ. ಹಾಳಾಗುವುದು ತೊಗಲು, ಅಂಟು. ಗಾಳಿಯ ತೇವ 45ರಿಂದ 55% ಇದ್ದರೆ ಕ್ಷೇಮ. ಬೆಂಗಳೂರಿನಲ್ಲಿ ವರ್ಷದ ಹೆಚ್ಚು ಭಾಗ ಸಂಭಾಳಿಸಬಹುದು, ಮಂಗಳೂರಿನ ಮಳೆಗಾಲದಲ್ಲಿ ತೇವ ಹೀರುವ ಯಂತ್ರವಿಲ್ಲದೆ ಆಗದ ಮಾತು. ಅಳೆಯುವ ಮೀಟರ್ ಕಪಾಟಿನ ಒಳಗೆ ಇಡಬೇಕು, ಹೊರಗಿನ ಗೋಡೆಯ ಮೇಲಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ತೇವ ಒಳಗೇ ಸಿಕ್ಕಿ ಬೂಷ್ಟು ಹಿಡಿಯುತ್ತದೆ, ಆಮ್ಲರಹಿತ ರಟ್ಟಿನ ಪೆಟ್ಟಿಗೆ ಮಾಡಿಸಿ. ಒಣಗಿ ಕೆಂಪು ಪುಡಿ ಉದುರುವ ತೊಗಲಿಗೆ ಎಣ್ಣೆ, ಪಾಲಿಶ್ ಹಚ್ಚಬಾರದು, ಕಪ್ಪಾಗಿ ಅಂಟಂಟಾಗುತ್ತದೆ. ಹುಳ ಬಿದ್ದಿದ್ದರೆ ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಕಟ್ಟು ಬಿಚ್ಚದೆ ಬಿಡಬೇಕು. ತಕ್ಷಣ ಬಿಚ್ಚಿದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ.

ಕಾನೂನಿನ ಒಂದು ಸಂಗತಿಯನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಚಾರಿತ್ರಿಕ, ಕಲಾತ್ಮಕ ವಸ್ತುಗಳು ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳು. ಅವನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಖಾಸಗಿಯವರಿಗಿಲ್ಲ. ಲಂಡನ್ನಿನಲ್ಲಿ ಕೊಂಡು ತಂದ ಹಳೆಯ ಪುಸ್ತಕವೂ ಈ ವ್ಯಾಖ್ಯೆಯೊಳಗೆ ಬೀಳಬಹುದು. ಹತ್ತು ವರ್ಷ ಕಳೆದು ಅದೇ ಅಂಗಡಿಗೆ ವಾಪಸು ಮಾರೋಣ ಎಂದರೆ ದಾರಿ ಮುಚ್ಚಿರುತ್ತದೆ. ಚಿತ್ರವಿರುವ ಹಸ್ತಪ್ರತಿಯಾದರೆ ನೋಂದಣಿಯೂ ಕಡ್ಡಾಯ. ಆದ್ದರಿಂದ ಹೂಡಿಕೆಯ ಲೆಕ್ಕದಲ್ಲಿ ತರುವವರು ಬೇರೆ ಯೋಚನೆ ಮಾಡಲಿ, ಇಟ್ಟುಕೊಂಡು ಓದುವವರು, ನಮ್ಮ ಊರಿನ ಸಂಗ್ರಹಾಲಯಕ್ಕೆ ಕೊಡುವವರು ಧೈರ್ಯವಾಗಿ ತರಲಿ. ಯಾರೇ ತಂದರೂ ಅಂಗಡಿಯ ಇನ್‌ವಾಯ್ಸ್, ವಿವರಣೆಯ ಹಾಳೆ, ಕಸ್ಟಮ್ಸ್ ರಸೀದಿ ಮೂರನ್ನೂ ಪುಸ್ತಕದ ಪೆಟ್ಟಿಗೆಯಲ್ಲೇ, ಪುಸ್ತಕಕ್ಕೆ ತಾಗದಂತೆ ಬೇರೆ ಲಕೋಟೆಯಲ್ಲಿ ಇಡಬೇಕು.